ಮನೆಯ ಕಥೆಗಳಿಂದ ನೀತಿಯನ್ನು ಕಲಿಸಿದ ರಬ್ಬಿ ರಾಷಿಯವರು

ಸತ್ಯವೇದದ ಆದಿಕಾಂಡವನ್ನು ಓದಿದವರಿಗೆಲ್ಲ ಒಂದು ಸಂಗತಿಯು ಸ್ಪಷ್ಟವಾಗಿ ತೋರುವುದು. ಅದರಲ್ಲಿ ಅರಸರ ಯುದ್ಧಗಳಿಗಿಂತ ಮನೆಗಳ ವೃತ್ತಾಂತವೇ ಹೆಚ್ಚು. ಗಂಡಹೆಂಡಿರ ಮಾತು, ಅಕ್ಕತಂಗಿಯರ ಸಂಕಟ, ತಂದೆಯ ಪಕ್ಷಪಾತ, ಅಣ್ಣತಮ್ಮಂದಿರ ಹೊಟ್ಟೆಕಿಚ್ಚು, ಇವೇ ಅಲ್ಲಿ ತುಂಬಿರುವವು. ಈ ಕಥೆಗಳಿಂದ ಯೆಹೂದ್ಯರು ಯಾವ ನೀತಿಯನ್ನು ಗ್ರಹಿಸುತ್ತ ಬಂದಿರುವರೆಂಬುದನ್ನು ಅರಿಯಬೇಕಾದರೆ, ಒಂಬೈನೂರು ವರ್ಷಗಳಿಗೂ ಹಿಂದೆ ಬಾಳಿದ ಒಬ್ಬ ಉಪಾಧ್ಯಾಯರ ಚರಿತ್ರೆಯನ್ನು ನಾವು ನೋಡತಕ್ಕದ್ದು. ಅವರೇ ರಬ್ಬಿ ರಾಷಿಯವರು.

ಇವರ ಪೂರ್ಣನಾಮವು ರಬ್ಬಿ ಶ್ಲೋಮೋ ಯಿತ್ಸಾಕಿ, ಅಂದರೆ ಇಸಾಕನ ಮಗನಾದ ಸೊಲೊಮೋನ ಎಂದರ್ಥ. ಈ ಹೆಸರಿನ ಮೊದಲಕ್ಷರಗಳು ಕೂಡಿ ರಾಷಿ ಎಂದಾಯಿತು. ಇವರು ಕ್ರಿ. ಶ. ೧೦೪೦ರಲ್ಲಿ ಫ್ರಾನ್ಸ್ ದೇಶದ ಷಾಂಪೇನ್ ಪ್ರಾಂತದ ತ್ರ್ವಾ ಎಂಬ ಪಟ್ಟಣದಲ್ಲಿ ಜನಿಸಿದರು. ಯೌವನದಲ್ಲಿ ಜರ್ಮನಿಯ ರೈನ್ ನದಿಯ ತೀರದ ಮೈನ್ಜ್ ಮತ್ತು ವರ್ಮ್ಸ್ ಪಟ್ಟಣಗಳ ಪ್ರಸಿದ್ಧ ವಿದ್ಯಾಲಯಗಳಿಗೆ ಹೋಗಿ ಶಾಸ್ತ್ರಾಧ್ಯಯನ ಮಾಡಿ, ಬಳಿಕ ಸ್ವಸ್ಥಳಕ್ಕೆ ಹಿಂದಿರುಗಿ ತಾವೇ ಒಂದು ವಿದ್ಯಾಲಯವನ್ನು ಸ್ಥಾಪಿಸಿದರು. ಇವರಿಗೆ ಯೋಕೆಬೆದ್, ಮಿರ್ಯಾಮ್, ರಾಹೇಲ್ ಎಂಬ ಮೂವರು ಹೆಣ್ಣುಮಕ್ಕಳು. ತಂದೆಯ ವಿದ್ಯೆಯು ಈ ಹೆಣ್ಣುಮಕ್ಕಳ ಮನೆಗಳ ಮೂಲಕವಾಗಿಯೇ ಮುಂದಿನ ತಲೆಗೆ ಹರಿಯಿತು. ಯೋಕೆಬೆದಳ ಮಕ್ಕಳಾದ ಸಮುವೇಲ, ಯಾಕೋಬ ಎಂಬವರು ತಮ್ಮ ಕಾಲದ ಮಹಾಪಂಡಿತರೆನಿಸಿಕೊಂಡರು.

ರಾಷಿಯವರು ಮೋಶೆಯ ಐದು ಗ್ರಂಥಗಳಿಗೂ, ಯೆಹೂದ್ಯರ ತಾಲ್ಮುದ್ ಎಂಬ ಮಹಾಗ್ರಂಥದ ಬಹುಭಾಗಕ್ಕೂ ವ್ಯಾಖ್ಯಾನವನ್ನು ಬರೆದರು. ಅವರ ವಾಕ್ಯಗಳು ಚಿಕ್ಕವು, ಭಾಷೆಯು ತಿಳಿಯಾದದ್ದು. ಕಠಿಣವಾದ ಇಬ್ರಿಯ ಶಬ್ದವು ಬಂದಲ್ಲಿ ಶಿಷ್ಯರ ಆಡುಭಾಷೆಯಾದ ಫ್ರೆಂಚಿನ ಶಬ್ದವನ್ನು ಅಲ್ಲಿಯೇ ಸೇರಿಸುವರು. ಮೊದಲು ಮಾತಿನ ಸರಳಾರ್ಥವನ್ನು ಹೇಳಿ, ಬೇಕಾದಲ್ಲಿ ಪೂರ್ವಿಕರ ಪರಂಪರೆಯಿಂದ ಆಯ್ದ ನೀತಿಯನ್ನು ತೋರಿಸುವುದು ಅವರ ಕ್ರಮ.

ಅದಕ್ಕೆ ಕೆಲವು ದೃಷ್ಟಾಂತಗಳನ್ನು ಕೊಡುವೆವು. ಮಗನು ಹುಟ್ಟುವನೆಂಬ ವಾಗ್ದಾನವನ್ನು ಕೇಳಿ ಸಾರಳು ನಕ್ಕು, ತನ್ನ ಗಂಡನು ಮುದುಕನೆಂದು ಮನದಲ್ಲಿ ಅಂದುಕೊಂಡಳು. ದೇವರು ಇದನ್ನು ಅಬ್ರಹಾಮನಿಗೆ ತಿಳಿಸುವಾಗ, ಸಾರಳು ತನ್ನನ್ನೇ ಮುದುಕಿಯೆಂದುಕೊಂಡಳೆಂದು ಮಾತ್ರ ಹೇಳಿದನು. ಮನೆಯ ಸಮಾಧಾನವು ಕೆಡದಂತೆ ಮಾತು ಇಲ್ಲಿ ಬದಲಾಯಿತೆಂದು ರಾಷಿಯವರು ವಿವರಿಸುತ್ತಾರೆ. ಇನ್ನು ರಾಹೇಲಳ ಸಂಗತಿ. ಲಾಬಾನನ ಕಪಟವನ್ನು ಶಂಕಿಸಿದ ಯಾಕೋಬನು, ಮದುವೆಯ ರಾತ್ರಿ ವಧುವನ್ನು ಗುರುತಿಸುವುದಕ್ಕಾಗಿ ರಾಹೇಲಳಿಗೆ ಗುಟ್ಟಾದ ಗುರುತುಗಳನ್ನು ಹೇಳಿಕೊಟ್ಟಿದ್ದನಂತೆ. ಆದರೆ ತನಗೆ ಬದಲಾಗಿ ಅಕ್ಕ ಲೇಯಳನ್ನು ಒಳಗೆ ಕರೆದೊಯ್ಯುವುದನ್ನು ಕಂಡಾಗ, ಅಕ್ಕನಿಗೆ ಅವಮಾನವಾಗಬಾರದೆಂದು ಅವಳು ಆ ಗುರುತುಗಳನ್ನು ಅಕ್ಕನಿಗೇ ಒಪ್ಪಿಸಿದಳು. ಮುಂದೆ ದೇವರು ರಾಹೇಲಳನ್ನು ನೆನಪಿಗೆ ತಂದುಕೊಂಡು ಮಗನನ್ನು ಕೊಟ್ಟದ್ದು ಈ ತ್ಯಾಗಕ್ಕಾಗಿಯೇ ಎಂದು ರಾಷಿಯವರ ಅರ್ಥವಿವರಣೆ. ಆ ಮಗನಾದ ಯೋಸೇಫನು ಐಗುಪ್ತದಲ್ಲಿ ತನ್ನ ಗುರುತನ್ನು ಅಣ್ಣಂದಿರಿಗೆ ಪ್ರಕಟಿಸುವ ಮುನ್ನ ಪರಿವಾರದವರನ್ನೆಲ್ಲ ಹೊರಗೆ ಕಳುಹಿಸಿದ್ದೂ, ತನ್ನನ್ನು ಮಾರಿದ ಆ ಅಣ್ಣಂದಿರು ಪರರ ಮುಂದೆ ನಾಚಿಕೆಪಡಬಾರದೆಂಬ ಕಾರಣದಿಂದಲೇ. ತಾಯಿಯ ಗುಣವು ಮಗನಲ್ಲಿ ಕಾಣಿಸಿತೆಂದು ನಮಗೆ ತೋರುವುದು.

ಒಬ್ಬರನ್ನು ನಾಚಿಸಬಾರದೆಂಬ ಈ ಪಾಠವು ಪುಸ್ತಕದಲ್ಲಿಯೇ ಉಳಿಯಲಿಲ್ಲ. ೧೦೯೬ರಲ್ಲಿ ಮೊದಲನೆಯ ಶಿಲುಬೆಯುದ್ಧಕ್ಕೆ ಹೊರಟ ಗುಂಪುಗಳು, ಕ್ರಿಸ್ತನ ಶಿಲುಬೆಯನ್ನು ಧರಿಸಿಕೊಂಡೇ, ರೈನ್ ತೀರದ ಯೆಹೂದ್ಯರನ್ನು ಸಂಹರಿಸಿದವು. ರಾಷಿಯವರು ಕಲಿತ ಮೈನ್ಜ್, ವರ್ಮ್ಸ್ ಪಟ್ಟಣಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳೆನ್ನದೆ ನೂರಾರು ಮಂದಿ ಹತರಾದರು. ಇದನ್ನು ನೆನೆದು ಕ್ರೈಸ್ತರಾದ ನಾವು ತಲೆತಗ್ಗಿಸಬೇಕಾಗಿದೆ. ಆ ಶತಮಾನದಲ್ಲಿ ಕತ್ತಿಯ ಭಯದಿಂದ ದೀಕ್ಷಾಸ್ನಾನಕ್ಕೆ ಒಳಪಟ್ಟು, ಅವಕಾಶ ದೊರೆತೊಡನೆ ಸ್ವಮತಕ್ಕೆ ಮರಳಿದವರಿದ್ದರು. ಅವರ ಕೈಯ ದ್ರಾಕ್ಷಾರಸವನ್ನು ಮುಟ್ಟಬಹುದೇ ಎಂಬ ಪ್ರಶ್ನೆಯು ರಾಷಿಯವರ ಮುಂದೆ ಬಂತು. ಅವರು ಬಲಾತ್ಕಾರಕ್ಕೆ ಸಿಕ್ಕಿದವರು, ಅವರನ್ನು ದೂರವಿಟ್ಟು ನಾಚಿಸಕೂಡದು, ಎಂದು ರಾಷಿಯವರು ತೀರ್ಪಿತ್ತರು. ರಾಹೇಲಳು ಲೇಯಳಿಗೆ ತೋರಿದ ಕರುಣೆಯನ್ನೇ ಗುರುವು ಸೋತು ಬಂದ ತನ್ನ ಜನರಿಗೆ ತೋರಿದರು.

ಇಂಥ ಪಂಡಿತರು ವಿನಯದಲ್ಲಿಯೂ ಹಿರಿಯರಾಗಿದ್ದರು. ಯಾಕೋಬನು ಮನೆಬಿಟ್ಟು ಹೋಗುವ ಪ್ರಕರಣದಲ್ಲಿ ರೆಬೆಕ್ಕಳನ್ನು ಯಾಕೋಬ ಏಸಾವರ ತಾಯಿಯೆಂದು ಪುನಃ ಹೇಳಿದೆಯಷ್ಟೆ. ಅದು ಏನನ್ನು ಬೋಧಿಸುವುದೋ ತಮಗೆ ತಿಳಿಯದೆಂದು ಅವರು ವ್ಯಾಖ್ಯಾನದಲ್ಲಿಯೇ ಬರೆದಿಟ್ಟರು. ಸುಮ್ಮನೆ ದಾಟಿಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ವೃದ್ಧಾಪ್ಯದಲ್ಲಿ ಮೊಮ್ಮಗ ಸಮುವೇಲನು ಅವರೊಂದಿಗೆ ವಾದಿಸಿದಾಗ, ದಿನದಿನವೂ ಹೊಸ ಸರಳಾರ್ಥಗಳು ಹೊಳೆಯುತ್ತಿವೆ, ಬಿಡುವಿದ್ದರೆ ಬೇರೆ ವ್ಯಾಖ್ಯಾನಗಳನ್ನು ಬರೆಯಬೇಕಾಗಿತ್ತು, ಎಂದು ಒಪ್ಪಿಕೊಂಡರೆಂದು ಆ ಮೊಮ್ಮಗನೇ ಬರೆದಿರುವನು.

ರಾಷಿಯವರು ೧೧೦೫ರಲ್ಲಿ ದೈವಾಧೀನರಾದರು. ಅವರ ವ್ಯಾಖ್ಯಾನವು ೧೪೭೫ರಲ್ಲಿ ಇಟಲಿಯ ರೆಜ್ಜೊ ಪಟ್ಟಣದಲ್ಲಿ ಅಚ್ಚಾಯಿತು. ಮುದ್ರಣದ ವರ್ಷವನ್ನು ಹೊತ್ತ ಇಬ್ರಿಯ ಪುಸ್ತಕಗಳಲ್ಲಿ ನಮಗೆ ತಿಳಿದಿರುವ ಮೊದಲನೆಯದು ಅದೇ. ಲೀರದ ನಿಕೊಲಾಸನೆಂಬ ಕ್ರೈಸ್ತ ಸನ್ಯಾಸಿಯು ಅದನ್ನು ಬಹಳವಾಗಿ ಬಳಸಿಕೊಂಡನು. ಅವನ ಗ್ರಂಥವು ಮಾರ್ಟಿನ್ ಲೂಥರರಿಗೆ ನೆರವಾಯಿತು. ಹೀಗೆ ನಮ್ಮವರು ಹಿಂಸಿಸಿದ ಜನಾಂಗದ ಗುರುವೇ ನಮ್ಮ ವೇದಾಧ್ಯಯನಕ್ಕೂ ದೀಪ ಹಿಡಿದರು.

ಈ ಶಾಲೆಯಲ್ಲಿ ಓದಿ ಇಂದು ಮನೆಯನ್ನು ನಡೆಸುತ್ತಿರುವ ಸಹೋದರಿಯರೇ, ತಾಯಿತಂದೆಗಳೇ, ಸಂಜೆ ಮಕ್ಕಳಿಗೆ ಯಾಕೋಬನ ಮದುವೆಯ ಕಥೆಯನ್ನು ಹೇಳುವಾಗ ಲಾಬಾನನ ಮೋಸದಲ್ಲಿಯೇ ನಿಲ್ಲಿಸಬೇಡಿರಿ. ಕತ್ತಲೆಯಲ್ಲಿ ಅಕ್ಕನ ಮಾನವನ್ನು ಕಾಯ್ದ ತಂಗಿಯನ್ನೂ ಅವರಿಗೆ ತೋರಿಸಿರಿ.