ರಾಬರ್ಟೊ ಕ್ಲೆಮೆಂಟೆ ವಾಕರ್

ಬೇಸ್‌ಬಾಲ್ ನಮ್ಮ ಭಾಗದ ಆಟವಲ್ಲ. ಆದರೂ ಕ್ರಿಕೆಟ್ ಬಲ್ಲವರಿಗೆ ಅದರ ಲಕ್ಷಣವನ್ನು ತಿಳಿಸುವುದು ಕಷ್ಟವಲ್ಲ. ಎಸೆದ ಚೆಂಡನ್ನು ದುಂಡನೆಯ ಬ್ಯಾಟಿನಿಂದ ಹೊಡೆದು, ಎದುರಾಳಿಗಳು ಔಟ್ ಮಾಡುವುದರೊಳಗೆ ಓಡಿ ಮೊದಲ ನೆಲೆಯನ್ನಾದರೂ ಮುಟ್ಟಿದರೆ ಅದೊಂದು ಹಿಟ್. ಹತ್ತು ಅವಕಾಶಗಳಲ್ಲಿ ಮೂರು ಸಲ ಇದನ್ನು ಸಾಧಿಸುವವನನ್ನು ಅಲ್ಲಿ ಶ್ರೇಷ್ಠನೆನ್ನುತ್ತಾರೆ. ಈ ಆಟದಲ್ಲಿ 3000 ಹಿಟ್ ಗಳಿಸಿದ ರಾಬರ್ಟೊ ಕ್ಲೆಮೆಂಟೆಯವರ ಬದುಕಿನತ್ತ ನನ್ನನ್ನು ಸೆಳೆದದ್ದು ಆ ಸಂಖ್ಯೆಯಲ್ಲ, ಅವರ ಹೆಸರು ಪಟ್ಟ ಪಾಡು.

ಅವರು ಜನಿಸಿದ್ದು 1934ರ ಆಗಸ್ಟ್ 18ರಂದು, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬಲ್ಲಿ. ದ್ವೀಪವು 1898ರಿಂದ ಅಮೆರಿಕದ ಆಳ್ವಿಕೆಗೆ ಸೇರಿದ್ದರೂ ಜನರ ಮನೆಮಾತು ಸ್ಪ್ಯಾನಿಷ್. ತಂದೆ ಮೆಲ್ಚೊರ್ ಕ್ಲೆಮೆಂಟೆ ಕಬ್ಬಿನ ಗದ್ದೆಗಳಲ್ಲಿ ಕೂಲಿಗಳ ಮೇಲ್ವಿಚಾರಕರು. ತಾಯಿ ಲೂಯಿಸಾ ವಾಕರ್. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಮನೆತನದ ಹೆಸರು ಮೊದಲು, ತಾಯಿಯದು ಆಮೇಲೆ. ಆದ್ದರಿಂದ ಮಗ ರಾಬರ್ಟೊ ಕ್ಲೆಮೆಂಟೆ ವಾಕರ್. ಶಾಲೆಯಲ್ಲಿ ಆತ ಭರ್ಚಿ ಎಸೆತದಲ್ಲಿ ಗಟ್ಟಿಗ. ಮುಂದೆ ಮೈದಾನದ ಅಂಚಿನಿಂದ ಚೆಂಡೆಸೆದು ಓಟಗಾರರನ್ನು ಔಟ್ ಮಾಡುತ್ತಿದ್ದ ತೋಳು ಅದೇ.

1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಸಂಸ್ಥೆ ಅವರನ್ನು ಸೇರಿಸಿಕೊಂಡು ಮಾಂಟ್ರಿಯಲ್‌ನ ಕಿರಿಯ ತಂಡಕ್ಕೆ ಕಳುಹಿಸಿತು. ಆ ವರ್ಷದ ಕೊನೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಅವರನ್ನು ಆರಿಸಿಕೊಂಡಿತು. 1955ರಿಂದ 1972ರವರೆಗೆ ಹದಿನೆಂಟು ಋತುಗಳನ್ನು ಅವರು ಆ ಒಂದೇ ತಂಡದಲ್ಲಿ ಕಳೆದರು.

ಅಲ್ಲಿ ಅವರು ಎರಡು ಬಗೆಯಲ್ಲಿ ಹೊರಗಿನವರು. ಮೈಬಣ್ಣ ಕಪ್ಪು, ನುಡಿ ಸ್ಪ್ಯಾನಿಷ್. ಫ್ಲಾರಿಡಾದಲ್ಲಿ ಅಭ್ಯಾಸಕ್ಕೆಂದು ತಂಡ ಬೀಡುಬಿಟ್ಟಾಗ ಬಿಳಿಯ ಆಟಗಾರರ ವಸತಿ ಅವರಿಗೆ ದೊರೆಯುತ್ತಿರಲಿಲ್ಲ. ಪತ್ರಿಕೆಗಳವರು ಅವರ ಇಂಗ್ಲಿಷನ್ನು ಉಚ್ಚಾರದ ಓರೆಕೋರೆಗಳ ಸಹಿತ ಅಕ್ಷರಕ್ಕಿಳಿಸಿ ಅಚ್ಚುಹಾಕುತ್ತಿದ್ದರು. ಬೆನ್ನುನೋವೆಂದರೆ ನೆಪವೆಂದು ಬರೆಯುತ್ತಿದ್ದರು. 1954ರ ಕೊನೆಯ ಕಾರು ಅಪಘಾತದಲ್ಲಿ ಬೆನ್ನಿಗೆ ನಿಜವಾಗಿಯೂ ಪೆಟ್ಟಾಗಿತ್ತು. ಇನ್ನು ಹೆಸರು? ರಾಬರ್ಟೊ ಎಂಬುದು ಬಾಬ್ ಆಯಿತು, ಬಾಬಿ ಆಯಿತು. ಆಟಗಾರರ ಚಿತ್ರವಿದ್ದ ಕಾರ್ಡುಗಳಲ್ಲಿಯೂ ವರ್ಷಗಟ್ಟಲೆ ಬಾಬ್ ಕ್ಲೆಮೆಂಟೆ ಎಂದೇ ಮುದ್ರಣವಾಯಿತು. ತನ್ನ ಹೆಸರು ರಾಬರ್ಟೊ ಎಂದು ಅವರು ತಿದ್ದುತ್ತಲೇ ಇದ್ದರು. (ಮರಾಠಿ ಶಾಲೆಯ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರು ಮುಂದಾಗಿ, ಕನ್ನಡ ಶಾಲೆಯದರಲ್ಲಿ ಅದೇ ಹಿಂದಾಗಿ, ಎರಡು ದಾಖಲೆಗಳನ್ನು ಕೈಯಲ್ಲಿ ಹಿಡಿದು ಕಚೇರಿ ಅಲೆದವನಿಗೆ ಈ ತಿದ್ದುವಿಕೆಯ ದಣಿವು ಸ್ವಲ್ಪ ಗೊತ್ತು.)

ಆಟದಲ್ಲಿ ಮಾತ್ರ ತಿದ್ದಲು ಯಾರಿಗೂ ಎಡೆಯಿರಲಿಲ್ಲ. ನಾಲ್ಕು ಸಲ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ, 1966ರಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ, ಕ್ಷೇತ್ರರಕ್ಷಣೆಗೆ ಹನ್ನೆರಡು ಗೋಲ್ಡ್ ಗ್ಲೋವ್‌ಗಳು. 1971ರ ವರ್ಲ್ಡ್ ಸೀರೀಸ್‌ನಲ್ಲಿ ಬಾಲ್ಟಿಮೋರ್ ವಿರುದ್ಧ ಏಳು ಪಂದ್ಯಗಳ 29 ಅವಕಾಶಗಳಲ್ಲಿ 12 ಹಿಟ್ ಗಳಿಸಿದರು. ಕೊನೆಯ ಪಂದ್ಯವನ್ನು ತಂಡ 2–1ರಿಂದ ಗೆದ್ದಾಗ ಒಂದು ಓಟ ಅವರ ಹೋಮ್ ರನ್ನಿನದು. ಗೆಲುವಿನ ಗದ್ದಲದಲ್ಲಿ ದೂರದರ್ಶನದ ಮೈಕು ಮುಂದೆ ಬಂತು. ಇಡೀ ಅಮೆರಿಕ ನೋಡುತ್ತಿತ್ತು. ಅವರು ಮೊದಲು ತಂದೆತಾಯಿಗೆ ಒಂದು ಮಾತು ಹೇಳುವೆನೆಂದು ತಿಳಿಸಿ, ಸ್ಪ್ಯಾನಿಷಿಗೆ ಹೊರಳಿದರು; ಮಕ್ಕಳನ್ನು ಹರಸಿ, ಹೆತ್ತವರ ಆಶೀರ್ವಾದ ಬೇಡಿದರು. ಇಂಗ್ಲಿಷ್ ಕಾಯಿತು. ನನ್ನ ಮಟ್ಟಿಗೆ ಅವರ ಯಾವ ಹೊಡೆತಕ್ಕೂ ಈ ಗಳಿಗೆ ಕಡಿಮೆಯಲ್ಲ.

1972ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕ್ ಮೆಟ್ಸ್‌ನ ಜಾನ್ ಮ್ಯಾಟ್ಲಾಕ್ ಎಸೆದ ಚೆಂಡಿಗೆ ಮೂರು ಸಾವಿರದ ಹಿಟ್ ಬಂದಿತು. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದು. ಡಿಸೆಂಬರ್ 23ರಂದು ನಿಕರಾಗುವಾದ ರಾಜಧಾನಿ ಮನಾಗುವಾ ಭೂಕಂಪದಿಂದ ನೆಲಸಮವಾಯಿತು. ಅದರ ಹಿಂದಿನ ತಿಂಗಳಷ್ಟೇ ಪೋರ್ಟೊ ರಿಕೊದ ಹವ್ಯಾಸಿ ತಂಡದೊಡನೆ ಅವರು ಆ ನಗರದಲ್ಲಿದ್ದರು. ದ್ವೀಪದಲ್ಲಿ ಸಾಮಗ್ರಿ ಕೂಡಿಸಿ ವಿಮಾನಗಳಲ್ಲಿ ಕಳುಹಿಸತೊಡಗಿದರು. ಅದು ಅಲ್ಲಿಯ ಸೈನಿಕರ ಪಾಲಾಗುತ್ತಿದೆಯೆಂಬ ಸುದ್ದಿ ಬಂದಾಗ, ತಾವೇ ಜೊತೆಗಿದ್ದರೆ ನೊಂದವರ ಕೈ ಸೇರೀತೆಂದು ನಂಬಿದರು. ಡಿಸೆಂಬರ್ 31ರ ರಾತ್ರಿ, ಮಿತಿಮೀರಿ ತುಂಬಿದ್ದ ಹಳೆಯ ಡಿಸಿ-7 ವಿಮಾನವನ್ನು ಏರಿದರು. ಮೇಲೆದ್ದ ಕೆಲವೇ ಕ್ಷಣಗಳಲ್ಲಿ ಅದು ದ್ವೀಪದ ತೀರದಾಚೆ ಕಡಲಿಗೆ ಬಿತ್ತು. ಒಳಗಿದ್ದ ಐವರೂ ಹೋದರು. ಕ್ಲೆಮೆಂಟೆಯವರಿಗೆ ಆಗ 38 ವರ್ಷ. ಗೆಳೆಯ ಮ್ಯಾನಿ ಸ್ಯಾಂಗಿಯೆನ್ ಶ್ರದ್ಧಾಂಜಲಿಯ ಪ್ರಾರ್ಥನೆಗೆ ಹೋಗದೆ, ಮುಳುಗುಗಾರರೊಡನೆ ಸಮುದ್ರಕ್ಕಿಳಿದು ಹುಡುಕಿದರು. ದೇಹ ಸಿಗಲೇ ಇಲ್ಲ.

ಕೀರ್ತಿಭವನಕ್ಕೆ ಸೇರಲು ನಿವೃತ್ತಿಯ ನಂತರ ಐದು ವರ್ಷ ಕಾಯಬೇಕೆಂಬುದು ನಿಯಮ. ಕ್ಲೆಮೆಂಟೆಯವರಿಗಾಗಿ ಅದನ್ನು ಬದಿಗಿರಿಸಿ, 1973ರಲ್ಲಿಯೇ ಅವರನ್ನು ಆರಿಸಿದರು. ಲ್ಯಾಟಿನ್ ಅಮೆರಿಕದಿಂದ ಅಲ್ಲಿಗೆ ಸೇರಿದ ಮೊದಲಿಗರು ಅವರೇ. ಕಂಚಿನ ಫಲಕ ಸಿದ್ಧವಾಯಿತು. ಅದರ ಮೇಲೆ ರಾಬರ್ಟೊ ವಾಕರ್ ಕ್ಲೆಮೆಂಟೆ ಎಂದು ಎರಕ ಹೊಯ್ದಿದ್ದರು. ಇಂಗ್ಲಿಷ್ ರೂಢಿಯಂತೆ ತಾಯಿಯ ಮನೆತನದ ಹೆಸರು ನಡುವೆ ಬಂದಿತ್ತು. ಇಪ್ಪತ್ತೇಳು ವರ್ಷ ಅದು ಹಾಗೆಯೇ ಗೋಡೆಯ ಮೇಲಿತ್ತು. 2000ದಲ್ಲಿ ಅದನ್ನು ಇಳಿಸಿ, ಹೊಸ ಫಲಕ ಮಾಡಿಸಿ, ಎರಡು ಪದಗಳನ್ನು ಅವುಗಳ ಜಾಗಕ್ಕೆ ತಂದರು.