ಮುಟ್ಟದೆ ನುಡಿಯುವ ವಾದ್ಯ: ಲೆವ್ ಟೆರ್ಮೆನ್‌ನ ಜೀವನ ವೃತ್ತಾಂತ

ವೀಣೆಗೆ ತಂತಿಯುಂಟು, ಕೊಳಲಿಗೆ ರಂಧ್ರಗಳುಂಟು, ಮೃದಂಗಕ್ಕೆ ಚರ್ಮದ ಮುಚ್ಚಿಗೆಯುಂಟು. ಬೆರಳಾಗಲಿ ಉಸಿರಾಗಲಿ ತಗುಲದೆ ಇವು ಯಾವುವೂ ನುಡಿಯಲಾರವು. ಹೀಗಿರುವಾಗ, ಎದುರಿಗೆ ನಿಂತು ಬರಿಗಾಳಿಯಲ್ಲಿ ಕೈಯಾಡಿಸಿದ ಮಾತ್ರಕ್ಕೆ ರಾಗವನ್ನು ಹೊರಡಿಸುವ ವಾದ್ಯವೊಂದು ನೂರು ವರ್ಷಗಳಿಗೂ ಹಿಂದೆಯೇ ಹುಟ್ಟಿತ್ತೆಂದರೆ ನಮ್ಮ ವಾಚಕರಲ್ಲಿ ಹಲವರಿಗೆ ಸೋಜಿಗವಾದೀತು. ಇಂದು ಮದುವೆಯ ಆರ್ಕೆಸ್ಟ್ರಾದಿಂದ ಮೊದಲ್ಗೊಂಡು ಚಲನಚಿತ್ರ ಸಂಗೀತದವರೆಗೆ ಎಲ್ಲೆಲ್ಲಿಯೂ ಕೇಳಿಬರುವ ಕೀಬೋರ್ಡು, ಸಿಂಥಸೈಜರುಗಳ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ ಬೇರಿನ ಬಳಿಯಲ್ಲಿ ಈ ವಾದ್ಯವು ದೊರೆಯುತ್ತದೆ. ಅದನ್ನು ನಿರ್ಮಿಸಿದವನು ರಷ್ಯಾ ದೇಶದ ಲೆವ್ ಸೆರ್ಗೆಯೆವಿಚ್ ಟೆರ್ಮೆನ್. ಪಶ್ಚಿಮದವರು ಆತನನ್ನು ಲಿಯೋನ್ ಥೆರೆಮಿನ್ ಎಂದು ಕರೆದರು. ವಾದ್ಯಕ್ಕೂ ಥೆರೆಮಿನ್ ಎಂಬ ಹೆಸರೇ ನಿಂತಿತು. ವಾದ್ಯವು ಲೋಕಪ್ರಸಿದ್ಧವಾಯಿತು; ಅದನ್ನು ನಿರ್ಮಿಸಿದವನಾದರೋ ಬದುಕಿರುವಾಗಲೇ ಸತ್ತವರ ಪಟ್ಟಿಗೆ ಸೇರಿಹೋದನು. ಪರಸ್ಥಳದಲ್ಲಿ ದುಡಿಯುವ ನಾವೆಲ್ಲರೂ ತಿಳಿದಿರಬೇಕಾದ ಬದುಕು ಅದು.

ಟೆರ್ಮೆನ್ 1896ರ ಆಗಸ್ಟ್ ತಿಂಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದನು. ಮನೆತನದ ಮೂಲ ಫ್ರಾನ್ಸ್ ದೇಶ. ಬಾಲ್ಯದಲ್ಲಿಯೇ ಆತನಿಗೆ ಎರಡು ಗೀಳುಗಳು ಹತ್ತಿದವು: ಒಂದು ವಿದ್ಯುತ್ತು, ಇನ್ನೊಂದು ಚೆಲ್ಲೋ ಎಂಬ ದೊಡ್ಡ ಪಿಟೀಲು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನೂ ಖಗೋಳಶಾಸ್ತ್ರವನ್ನೂ ಓದುತ್ತ, ಜೊತೆಯಲ್ಲಿಯೇ ಸಂಗೀತದ ಅಭ್ಯಾಸವನ್ನು ನಡೆಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿ ರೇಡಿಯೋ ವಿದ್ಯೆಯನ್ನು ಕಲಿತನು. ಕ್ರಾಂತಿಯ ತರುವಾಯ, ಪ್ರಸಿದ್ಧ ವಿಜ್ಞಾನಿ ಇಯೋಫೆಯವರ ಪ್ರಯೋಗಶಾಲೆಯಲ್ಲಿ ಆತನಿಗೆ ಕೆಲಸ ದೊರೆಯಿತು.

ಅಲ್ಲಿ ಒಪ್ಪಿಸಿದ್ದು ಅನಿಲಗಳ ವಿದ್ಯುದ್ಗುಣಗಳನ್ನು ಅಳೆಯುವ ಕೆಲಸ. ಅದಕ್ಕಾಗಿ ಕಟ್ಟಿದ ಯಂತ್ರವು ಶಿಳ್ಳೆಯಂತಹ ಸದ್ದನ್ನು ಹೊರಡಿಸುತ್ತಿತ್ತು. ಕೈಯನ್ನು ಸಮೀಪಕ್ಕೆ ತಂದರೆ ಆ ಸದ್ದು ಏರುವುದೂ, ದೂರ ಸರಿಸಿದರೆ ಇಳಿಯುವುದೂ ಟೆರ್ಮೆನ್ನನ ಗಮನಕ್ಕೆ ಬಂತು. ಇನ್ನೊಬ್ಬನಾಗಿದ್ದರೆ ಇದನ್ನು ಯಂತ್ರದ ದೋಷವೆಂದು ಬಗೆದು ಸರಿಪಡಿಸಲು ಹೊರಡುತ್ತಿದ್ದನು. ಚೆಲ್ಲೋ ನುಡಿಸಿ ಪಳಗಿದ ಈತನ ಕಿವಿಗೆ ಆ ದೋಷದೊಳಗೆ ಸ್ವರಗಳು ಕೇಳಿಸಿದವು. ಹಳೆಯ ಕಾಲದ ವಾಲ್ವ್ ರೇಡಿಯೋವನ್ನು ಗಲ್ಲಾದ ಪಕ್ಕದಲ್ಲಿ ಇಟ್ಟುಕೊಂಡಿದ್ದ ಹೋಟೆಲಿನವರಿಗೆ, ಕೈ ಹತ್ತಿರ ಹೋದಾಗ ಅದು ಒಮ್ಮೊಮ್ಮೆ ಕಿರುಗುಟ್ಟುತ್ತಿದ್ದುದು ನೆನಪಿರಬಹುದು. ನಾವು ಅದಕ್ಕೊಂದು ಏಟು ಕೊಟ್ಟು ಸುಮ್ಮನಾಗುತ್ತಿದ್ದೆವು. ಟೆರ್ಮೆನ್ 1920ರಲ್ಲಿ ಅದರಿಂದಲೇ ಹೊಸದೊಂದು ವಾದ್ಯವನ್ನು ಕಟ್ಟಿದನು.

ಅದರ ಮರ್ಮವನ್ನು ಸರಳವಾಗಿ ಹೀಗೆ ಹೇಳಬಹುದು. ತಂಬೂರಿಯ ಎರಡು ತಂತಿಗಳನ್ನು ಶ್ರುತಿಗೂಡಿಸುವಾಗ ಅವುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೂ ನಾದದಲ್ಲಿ ಒಂದು ಅಲುಗಾಟ ಕೇಳಿಬರುತ್ತದೆ. ವ್ಯತ್ಯಾಸ ಹೆಚ್ಚಿದಂತೆಲ್ಲ ಅಲುಗಾಟದ ವೇಗವೂ ಹೆಚ್ಚುತ್ತದೆ. ಥೆರೆಮಿನ್ನಿನ ಪೆಟ್ಟಿಗೆಯೊಳಗೆ ತಂತಿಗಳಿಗೆ ಬದಲಾಗಿ ಎರಡು ವಿದ್ಯುತ್ ಕಂಪನಗಳಿವೆ. ಇವು ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಕಂಪಿಸುವುದರಿಂದ ಮನುಷ್ಯರ ಕಿವಿಗೆ ಕೇಳಿಸವು. ಒಂದು ಕಂಪನ ಸ್ಥಿರವಾದುದು. ಇನ್ನೊಂದು, ಪೆಟ್ಟಿಗೆಯ ಬಲಕ್ಕೆ ನೆಟ್ಟಗೆ ನಿಂತ ಲೋಹದ ಕಡ್ಡಿಗೆ ಸೇರಿದುದು. ನುಡಿಸುವವನ ಕೈಯೂ ಆ ಕಡ್ಡಿಯೂ ಕೂಡಿ, ವಿದ್ಯುತ್ತನ್ನು ಹಿಡಿದಿಡುವ ಎರಡು ತಗಡುಗಳಂತೆ ವರ್ತಿಸುತ್ತವೆ. ಕೈ ಹತ್ತಿರವಾದಂತೆ ಎರಡನೆಯ ಕಂಪನ ಬದಲಾಗುತ್ತದೆ. ಎರಡು ಕಂಪನಗಳ ಅಂತರವೇ ನಮಗೆ ಸ್ವರವಾಗಿ ಕೇಳಿಸುತ್ತದೆ. ಎಡಕ್ಕೆ ಅಡ್ಡವಾಗಿರುವ ಲೋಹದ ಬಳೆಯ ಮೇಲೆ ಇನ್ನೊಂದು ಕೈಯನ್ನು ಏರಿಸಿ ಇಳಿಸಿದರೆ ನಾದವು ಹೆಚ್ಚುಕಡಿಮೆಯಾಗುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬೇಕು. ಇಲ್ಲಿಯಾದರೋ ಮನೆಗಳೇ ಇಲ್ಲ. ಸ್ವರದಿಂದ ಸ್ವರಕ್ಕೆ ಜಾರುತ್ತ ಹೋಗಬಹುದು. ಗಮಕಗಳನ್ನು ಬಲ್ಲ ನಮ್ಮವರಿಗೆ ಇದರ ಬೆಲೆ ಬೇಗನೆ ತಿಳಿಯುತ್ತದೆ, ಕಷ್ಟವೂ ತಿಳಿಯುತ್ತದೆ. ಕೈಗೆ ಆಧಾರವೇ ಇಲ್ಲದಿರುವುದರಿಂದ ಶ್ರುತಿಯನ್ನು ಕಿವಿಯೊಂದರಿಂದಲೇ ಕಾಯಬೇಕು.

1922ರ ಮಾರ್ಚಿಯಲ್ಲಿ ಟೆರ್ಮೆನ್ ತನ್ನ ವಾದ್ಯವನ್ನು ಕ್ರೆಮ್ಲಿನ್ನಿಗೆ ಒಯ್ದು ಲೆನಿನ್ನರ ಮುಂದೆ ನುಡಿಸಿದನು. ಲೆನಿನ್ನರು ತಾವೂ ಕೈಯಾಡಿಸಿ ನೋಡಿ ಸಂತೋಷಪಟ್ಟರು. ವಿದ್ಯುತ್ತಿನ ಮಹಿಮೆಯನ್ನು ಜನರಿಗೆ ತೋರಿಸಲು ಇದಕ್ಕಿಂತ ಉತ್ತಮವಾದ ಸಾಧನ ಯಾವುದಿದೆ? ಟೆರ್ಮೆನ್ ದೇಶದ ಊರೂರು ಸಂಚರಿಸಿ ಕಚೇರಿಗಳನ್ನು ನಡೆಸಿದನು. 1926ರಲ್ಲಿ ದೂರದರ್ಶನ ಯಂತ್ರವೊಂದನ್ನೂ ನಿರ್ಮಿಸಿದನು. ಮರುವರ್ಷ ಜರ್ಮನಿ, ಲಂಡನ್ನಿನ ಆಲ್ಬರ್ಟ್ ಹಾಲ್, ಪ್ಯಾರಿಸ್ಸಿನ ಒಪೆರಾ ಮಂದಿರ ಎಲ್ಲೆಡೆಯೂ ಜನ ಕಿಕ್ಕಿರಿದು ಸೇರಿದರು. 1927ರ ಡಿಸೆಂಬರಿನಲ್ಲಿ ಆತ ನ್ಯೂಯಾರ್ಕ್ ನಗರದಲ್ಲಿ ಹಡಗಿನಿಂದಿಳಿದನು. ಸ್ವಲ್ಪ ಕಾಲದ ಪ್ರವಾಸವೆಂದು ಹೊರಟವನು ಸುಮಾರು 11 ವರ್ಷ ಅಲ್ಲಿಯೇ ಉಳಿದನು. ನಾಲ್ಕು ಕಾಸು ಕೂಡಿಸಿಕೊಂಡು ಬರುವ ವರ್ಷ ಊರಿಗೆ ಮರಳುವೆನೆಂದು ಬಂದು, ಪರಸ್ಥಳದಲ್ಲಿಯೇ ತಲೆ ನರೆಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1928ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಮರುವರ್ಷ ಆರ್.ಸಿ.ಎ. ಎಂಬ ದೊಡ್ಡ ರೇಡಿಯೋ ಕಂಪೆನಿಯು ಹಕ್ಕನ್ನು ಪಡೆದು ಸುಮಾರು 500 ವಾದ್ಯಗಳನ್ನು ತಯಾರಿಸಿತು. ಬೆಲೆ 175 ಡಾಲರು. ವಾಲ್ವುಗಳನ್ನೂ ಧ್ವನಿವರ್ಧಕವನ್ನೂ ಬೇರೆಯಾಗಿ ಕೊಳ್ಳಬೇಕು. ಗುನುಗಬಲ್ಲವರೆಲ್ಲರೂ ಇದನ್ನು ನುಡಿಸಬಹುದೆಂದು ಜಾಹೀರಾತು ಸಾರಿತು. ಕೊಂಡವರು ಮನೆಗೆ ಒಯ್ದು ನೋಡಿದಾಗ ಬೆಕ್ಕಿನ ಕೂಗು ಹೊರಟಿತೇ ಹೊರತು ಸಂಗೀತ ಹೊರಡಲಿಲ್ಲ. ಸಾಲದುದಕ್ಕೆ 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ವಾದ್ಯದ ತಯಾರಿಕೆ ನಿಂತಿತು. ಕಷ್ಟದ ವಿದ್ಯೆಯನ್ನು ಸುಲಭವೆಂದು ಹೇಳಿ ಮಾರಿದರೆ ಗಿರಾಕಿಯೂ ಕೆಡುತ್ತಾನೆ, ವಿದ್ಯೆಯ ಹೆಸರೂ ಕೆಡುತ್ತದೆ.

ಆದರೂ ಟೆರ್ಮೆನ್ನನ ಕೈಗಳು ಸುಮ್ಮನಿರಲಿಲ್ಲ. ಹೆನ್ರಿ ಕೋವೆಲ್ ಎಂಬ ಸಂಗೀತಗಾರನಿಗಾಗಿ, ಏಕಕಾಲದಲ್ಲಿ ಹಲವು ಲಯಗಳನ್ನು ನುಡಿಸುವ ರಿದ್ಮಿಕಾನ್ ಯಂತ್ರವನ್ನು 1931ರಲ್ಲಿ ಮಾಡಿಕೊಟ್ಟನು. ನರ್ತಕಿಯ ದೇಹದ ಚಲನೆಯಿಂದಲೇ ಸಂಗೀತ ಹೊರಡುವ ವೇದಿಕೆಯನ್ನು 1932ರಲ್ಲಿ ಕಾರ್ನೆಗೀ ಹಾಲಿನಲ್ಲಿ ಪ್ರದರ್ಶಿಸಿದನು. ವಿಲ್ನಾದಿಂದ ವಲಸೆ ಬಂದಿದ್ದ ಕ್ಲಾರಾ ರಾಕ್‌ಮೋರ್ ಎಂಬ ತರುಣಿ ಉತ್ತಮ ಪಿಟೀಲುವಾದಕಿ. ಕೈಯ ನೋವಿನಿಂದ ಪಿಟೀಲನ್ನು ಬಿಡಬೇಕಾಗಿ ಬಂದ ಆಕೆಗಾಗಿ ಟೆರ್ಮೆನ್ ವಿಶೇಷವಾದ ವಾದ್ಯವೊಂದನ್ನು ಕಟ್ಟಿದನು. ಆಕೆಯು ಗಾಳಿಯಲ್ಲಿ ಬೆರಳುಗಳನ್ನು ಮಡಿಸಿ ಬಿಡಿಸುವ ಕ್ರಮವನ್ನು ತಾನೇ ರೂಪಿಸಿ, ಥೆರೆಮಿನ್ ಆಟಿಕೆಯಲ್ಲ, ಕಚೇರಿಗೆ ಯೋಗ್ಯವಾದ ವಾದ್ಯವೆಂದು ಜಗತ್ತಿಗೆ ತೋರಿಸಿಕೊಟ್ಟಳು. ಟೆರ್ಮೆನ್ ಆಕೆಯನ್ನು ವರಿಸಬಯಸಿದನು. ಆಕೆ ವಕೀಲನೊಬ್ಬನನ್ನು ಮದುವೆಯಾದಳು. ಮುಂದೆ ಆತ ಲವೀನಿಯಾ ವಿಲಿಯಮ್ಸ್ ಎಂಬ ಕರಿಯ ಜನಾಂಗದ ನರ್ತಕಿಯ ಕೈಹಿಡಿದನು. ಬಣ್ಣಭೇದ ತುಂಬಿದ್ದ ಆ ಕಾಲದಲ್ಲಿ, ಅದುವರೆಗೆ ಆದರಿಸುತ್ತಿದ್ದ ಶ್ರೀಮಂತರ ಬಾಗಿಲುಗಳು ಆತನಿಗೆ ಒಂದೊಂದಾಗಿ ಮುಚ್ಚಿದವು.

ಸಾಲ ಬೆಳೆಯಿತು. 1938ರಲ್ಲಿ ಆತ ಸೋವಿಯತ್ ಹಡಗೊಂದನ್ನೇರಿ ಸ್ವದೇಶಕ್ಕೆ ಹೊರಟನು. ಹೆಂಡತಿ ಹಿಂದುಳಿದಳು, ಇಬ್ಬರೂ ಮತ್ತೆ ಮುಖ ನೋಡಲಿಲ್ಲ. ಬೇಹುಗಾರರು ಎಳೆದೊಯ್ದರೆಂದು ಅನೇಕರು ನಂಬಿದ್ದರು; ತಾನಾಗಿಯೇ ಹೊರಟೆನೆಂದು ಆತನೇ ಮುದಿವಯಸ್ಸಿನಲ್ಲಿ ತಿಳಿಸಿದನು. ಅಮೆರಿಕದಲ್ಲಿದ್ದಾಗ ಅಲ್ಲಿನ ಉದ್ಯಮಗಳ ಸಮಾಚಾರವನ್ನು ತನ್ನ ಸರಕಾರಕ್ಕೆ ಒಪ್ಪಿಸುತ್ತಿದ್ದುದೂ ಮುಂದೆ ಬೆಳಕಿಗೆ ಬಂತು. ಆ ಸೇವೆಯೂ ಆತನನ್ನು ಕಾಯಲಿಲ್ಲ. ಸ್ಟಾಲಿನ್ನನ ಭಯದ ದಿನಗಳವು. 1939ರ ಮಾರ್ಚಿಯಲ್ಲಿ ಬಂಧನ, 8 ವರ್ಷಗಳ ಶಿಕ್ಷೆ, ಸೈಬೀರಿಯದ ಆಚೆಗಿನ ಕೊಲಿಮಾ ಶಿಬಿರ. ಅಲ್ಲಿಯೂ ಕೈಗಾಡಿಗಳು ಸುಗಮವಾಗಿ ಓಡುವಂತೆ ಮರದ ಹಳಿಯನ್ನು ಯೋಜಿಸಿ ಸಂಗಡಿಗರ ದುಡಿಮೆಯನ್ನು ಹಗುರಗೊಳಿಸಿದನೆಂದು ವೃತ್ತಾಂತವಿದೆ. ತರುವಾಯ, ಸೆರೆಯಾಳುಗಳಾದ ವಿಜ್ಞಾನಿಗಳಿಂದ ಕೆಲಸ ತೆಗೆಯುವ ರಹಸ್ಯ ಪ್ರಯೋಗಶಾಲೆಗೆ ಆತನನ್ನು ಸಾಗಿಸಿದರು. ವಿಮಾನಶಿಲ್ಪಿ ತುಪೋಲೆವ್, ಮುಂದೆ ಸ್ಪುಟ್ನಿಕ್ಕನ್ನು ಹಾರಿಸಿದ ಕೊರೊಲೆವ್ ಇವರೂ ಅಲ್ಲಿ ಕೈದಿಗಳಾಗಿದ್ದರು.

ಸ್ವರವನ್ನು ಹೊರಡಿಸಿದ ಕೈಯೇ ಇಲ್ಲಿ ಕದ್ದು ಕೇಳುವ ಕಿವಿಯನ್ನು ನಿರ್ಮಿಸಿತು. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾಬಾಲಕರು ಅಮೆರಿಕದ ರಾಯಭಾರಿಗೆ ಮರದಲ್ಲಿ ಕೆತ್ತಿದ ರಾಜಮುದ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಅದು ಆತನ ಮಾಸ್ಕೋ ನಿವಾಸದ ಗೋಡೆಯ ಮೇಲೆ ತೂಗಿತು. ಅದರೊಳಗೆ ಟೆರ್ಮೆನ್ ನಿರ್ಮಿಸಿದ ಸಾಧನವಿತ್ತು. ಬ್ಯಾಟರಿಯಿಲ್ಲ, ವಿದ್ಯುತ್ ಸಂಪರ್ಕದ ತಂತಿಯಿಲ್ಲ. ಹೊರಗಿನಿಂದ ರೇಡಿಯೋ ಅಲೆಯನ್ನು ಹಾಯಿಸಿದಾಗ ಮಾತ್ರ ಎಚ್ಚೆತ್ತು, ಕೋಣೆಯೊಳಗಿನ ಮಾತುಗಳನ್ನು ಹೊರಗೆ ಮುಟ್ಟಿಸುತ್ತಿತ್ತು. 1952ರವರೆಗೆ ಅದು ಪತ್ತೆಯಾಗಲಿಲ್ಲ. 1947ರಲ್ಲಿ ಟೆರ್ಮೆನ್ನನಿಗೆ ಬಿಡುಗಡೆಯಾಯಿತು. ಅದೇ ವರ್ಷ ಸ್ಟಾಲಿನ್ ಪಾರಿತೋಷಕವೂ ದೊರೆಯಿತು. ತನ್ನನ್ನು ಸೆರೆಯಲ್ಲಿಟ್ಟವನ ಹೆಸರಿನ ಬಹುಮಾನವನ್ನೇ ಆತ ಸ್ವೀಕರಿಸಬೇಕಾಯಿತು. ಮದುವೆಯಾಗಿ ಅವಳಿ ಹೆಣ್ಣುಮಕ್ಕಳ ತಂದೆಯಾದನು. ಗುಪ್ತ ಇಲಾಖೆಯ ಕೆಲಸ ಮುಂದುವರಿಯಿತು. ಪಶ್ಚಿಮದಲ್ಲಿ ಆತ ಸತ್ತನೆಂದೇ ಎಲ್ಲರೂ ತಿಳಿದಿದ್ದರು.

ಇತ್ತ ವಾದ್ಯವು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತ್ತು. 1945ರ ಸ್ಪೆಲ್‌ಬೌಂಡ್, 1951ರ ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್ ಚಿತ್ರಗಳಲ್ಲಿ ಅದರ ನಡುಗುವ ನಾದ ಕೇಳಿಬಂತು. 1949ರಲ್ಲಿ ರಾಬರ್ಟ್ ಮೋಗ್ ಎಂಬ ನ್ಯೂಯಾರ್ಕಿನ ಬಾಲಕನೊಬ್ಬ ಪತ್ರಿಕೆಯಲ್ಲಿನ ನಕ್ಷೆಯನ್ನು ನೋಡಿ ಥೆರೆಮಿನ್ನನ್ನು ಕಟ್ಟಿದನು. ಬೆಳೆದು ಅದನ್ನೇ ವ್ಯಾಪಾರವಾಗಿಸಿಕೊಂಡನು. ಅದರಿಂದ ಕಲಿತ ವಿದ್ಯೆಯಿಂದ 1964ರಲ್ಲಿ ಹೆಸರಾಂತ ಮೋಗ್ ಸಿಂಥಸೈಜರನ್ನು ರೂಪಿಸಿದನು. ಅಂತಹ ಒಂದು ಮೋಗ್ ಯಂತ್ರವು 1969ರಲ್ಲಿ ನಮ್ಮ ದೇಶಕ್ಕೂ ಬಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿತವಾಯಿತು. 2005ರಲ್ಲಿ ತೀರಿಕೊಂಡ ಮೋಗ್, ಕೊನೆಯವರೆಗೂ ಟೆರ್ಮೆನ್ನನನ್ನು ಗುರುಸ್ಥಾನದಲ್ಲಿಟ್ಟು ಸ್ಮರಿಸಿದನು.

ಗುರುವಿನ ಸ್ಥಿತಿ ಬೇರೆಯಾಗಿತ್ತು. 1960ರ ದಶಕದಲ್ಲಿ ಟೆರ್ಮೆನ್ ಮಾಸ್ಕೋದ ಸಂಗೀತ ವಿದ್ಯಾಲಯಕ್ಕೆ ಬಂದು ಮತ್ತೆ ತನ್ನ ವಾದ್ಯಗಳನ್ನು ಕಟ್ಟತೊಡಗಿದನು. 1967ರಲ್ಲಿ ಅಮೆರಿಕದ ಪತ್ರಿಕೆಯ ಸಂಗೀತ ವಿಮರ್ಶಕನು ಆತನನ್ನು ಅಲ್ಲಿ ಕಂಡು, ಬದುಕಿರುವನೆಂದು ಬರೆದನು. ಸಂತೋಷಪಡಬೇಕಾದ ಆ ಸುದ್ದಿಯೇ ಮುಳುವಾಯಿತು. ಮೇಲಿನವರು ಆತನನ್ನು ಹೊರಹಾಕಿ ವಾದ್ಯಗಳನ್ನು ಒಡೆದು ಬಿಸುಟರು. ಎಪ್ಪತ್ತು ದಾಟಿದ ಮೇಲೆ, ಸ್ಟಾಲಿನ್ ಪಾರಿತೋಷಕ ಪಡೆದವನು ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಮೆಕ್ಯಾನಿಕ್ಕಿನ ಕೆಲಸಕ್ಕೆ ನಿಂತನು. ಅಲ್ಲಿಂದಲೂ ಕಲಿಸುವುದನ್ನು ಬಿಡಲಿಲ್ಲ. ಬಂಧುಗಳ ಮನೆಯ ಬಾಲಕಿ ಲಿಡಿಯಾ ಕಾವಿನಾಳಿಗೆ ಒಂಬತ್ತರ ಪ್ರಾಯದಿಂದ ಪಾಠ ಹೇಳಿದನು. ಮುಂದೆ ಆಕೆ ಖ್ಯಾತ ಥೆರೆಮಿನ್ ವಾದಕಿಯಾದಳು. 1991ರಲ್ಲಿ, 95ರ ವಯಸ್ಸಿನಲ್ಲಿ, ಆತ ಅಮೆರಿಕಕ್ಕೆ ಹೋಗಿ ವೃದ್ಧೆಯಾದ ಕ್ಲಾರಾಳನ್ನು ಕಂಡನು. 1993ರ ನವೆಂಬರ್ 3ರಂದು ಮಾಸ್ಕೋದಲ್ಲಿ ಆತನ ಆಯುಷ್ಯ ಮುಗಿಯಿತು.

ಆರ್.ಸಿ.ಎ. ತಯಾರಿಸಿದ ಆ ಹಳೆಯ ವಾದ್ಯಗಳಲ್ಲಿ ಉಳಿದವನ್ನು ಸಂಗ್ರಾಹಕರು ಈಗ ಚಿನ್ನದಂತೆ ಕಾಯುತ್ತಾರೆ. ಒಣಗಿದ ಕೆಪಾಸಿಟರುಗಳು, ತುಂಡಾದ ಸುರುಳಿತಂತಿ, ಸಿಕ್ಕದ ವಾಲ್ವು, ಇವುಗಳ ನಡುವೆ ದುರಸ್ತಿ ಮಾಡುವುದು ತಾಳ್ಮೆಯ ಕೆಲಸ. ಒಳ್ಳೆಯ ಕಸುಬುದಾರರು ಹಳೆಯ ಕೆಪಾಸಿಟರಿನ ಹೊರಗವಸನ್ನು ಎಸೆಯದೆ, ಅದರೊಳಗೇ ಹೊಸದನ್ನು ಅಡಗಿಸಿಡುತ್ತಾರೆ. ಕಟ್ಟಿದವನ ಕೈಯ ಗುರುತು ಅಳಿಯಬಾರದೆಂಬುದೇ ಅವರ ಉದ್ದೇಶ.

ಅಂತಹ ಕಾಳಜಿಯ ಒಂದಂಶವಾದರೂ ಬದುಕಿದ್ದಾಗ ಆ ಮನುಷ್ಯನಿಗೆ ದೊರೆಯಲಿಲ್ಲ. ಕಂಪೆನಿಯು ಆತನ ವಿದ್ಯೆಯನ್ನು ಮಾರಿತು, ಸರಕಾರವು ಅದನ್ನು ಆಯುಧವಾಗಿಸಿತು, ವಿದ್ಯಾಲಯವು ಅದನ್ನು ಒಡೆಯಿತು. ಆತ ನಿರ್ದೋಷಿಯೆಂದು ನಾವು ಹೇಳುವುದಿಲ್ಲ. ಹಿಂದೆ ಬಿಟ್ಟ ಹೆಂಡತಿಯೂ, ಕದ್ದು ಕೇಳಿದ ಮಾತುಗಳೂ ಆತನ ಲೆಕ್ಕದಲ್ಲಿ ಇದ್ದೇ ಇವೆ. ಆದರೆ ದುಡಿದವನ ಹೆಸರನ್ನು ಮರೆತು ದುಡಿಮೆಯ ಫಲವನ್ನು ಮಾತ್ರ ಉಣ್ಣುವುದು ಯಾವ ದೇಶದಲ್ಲಿಯೂ ಧರ್ಮವಾಗಲಾರದು. ನಮ್ಮ ಹೋಟೆಲುಗಳ ಅಡಿಗೆಮನೆಗಳಲ್ಲಿಯೂ, ಕಚೇರಿಗಳ ಮೂಲೆಯ ಮೇಜುಗಳಲ್ಲಿಯೂ ಹೆಸರಿಲ್ಲದೆ ದುಡಿಯುವ ಕೈಗಳು ಎಷ್ಟೋ ಇವೆ. ಅವರಲ್ಲಿ ಒಬ್ಬನಾದರೂ ಕೆಟ್ಟ ರೇಡಿಯೋವೊಂದರ ಕಿರುಗುಟ್ಟುವಿಕೆಗೆ ಕಿವಿಗೊಟ್ಟು ಅದೇಕೆಂದು ಕೇಳಿದರೆ, ಅವನ ಪಕ್ಕದಲ್ಲಿರುವವರು ನಗದೆ ಅವನ ಕೈಗೊಂದು ಸ್ಕ್ರೂಡ್ರೈವರನ್ನು ಕೊಡಲಿ ಎಂಬುದು ನಮ್ಮ ಕೋರಿಕೆ.