ಲೆಕ್ಕ ಓದಲು ಕಲಿತ ಚಿಕೊ ಮೆಂಡಿಸ್

ನನ್ನ ಅಜ್ಜಿ, ನಮ್ಮ ಮನೆಯ ಮಾತಿನಲ್ಲಿ ದಾದಿಮಾ, ಶಾಲೆಗೆ ಹೋದವರಲ್ಲ. ಪ್ರತಿ ತಿಂಗಳು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನನ್ನಿಂದ ಓದಿಸಿ, ಹಿಸಾಬ್ ಸರಿಯಾಗಿದೆಯೇ ಎಂದು ಎರಡು ಸಲ ಕೇಳುತ್ತಾರೆ. ಬ್ರೆಜಿಲ್ ದೇಶದ ಚಿಕೊ ಮೆಂಡಿಸ್ ಅವರ ಬಗ್ಗೆ ಓದಿದಾಗ ನನಗೆ ದಾದಿಮಾ ನೆನಪಾದರು.

ಚಿಕೊ 1944ರ ಡಿಸೆಂಬರ್ 15ರಂದು ಅಮೆಜಾನ್ ಕಾಡಿನ ಶಾಪುರಿ ಊರಿನ ಬಳಿ ಹುಟ್ಟಿದರು. ಬಾಲ್ಯದಲ್ಲೇ ತಂದೆಯ ಜೊತೆ ರಬ್ಬರ್ ಮರದ ಹಾಲು ತೆಗೆಯುವ ಕೆಲಸಕ್ಕೆ ಸೇರಿದರು. ಅಲ್ಲಿ ರಬ್ಬರ್ ಕೊಳ್ಳುವವರೂ ಎಸ್ಟೇಟ್ ಮಾಲೀಕರೇ, ದಿನಸಿಯನ್ನು ಸಾಲಕ್ಕೆ ಮಾರುವವರೂ ಅವರೇ. ಲೆಕ್ಕದ ಪುಸ್ತಕವೂ ಅವರ ಕೈಯಲ್ಲೇ. ವರ್ಷವಿಡೀ ದುಡಿದರೂ ಕೆಲಸಗಾರರ ಸಾಲ ತೀರುತ್ತಿರಲಿಲ್ಲ. ಓದು ಬಂದರೆ ಮೋಸ ತಿಳಿಯುತ್ತದೆ ಎಂದು ಮಾಲೀಕರು ಶಾಲೆ ತೆರೆಯಲು ಬಿಡುತ್ತಿರಲಿಲ್ಲ. ಕಾಡಿನಲ್ಲಿ ಅಡಗಿದ್ದ ಎವುಕ್ಲಿಡಿಸ್ ತಾವೊರಾ ಎಂಬ ರಾಜಕೀಯ ಕಾರ್ಯಕರ್ತರು ಹಳೆಯ ಪತ್ರಿಕೆಗಳಿಂದ ಚಿಕೊಗೆ ಓದು ಕಲಿಸಿದರು.

1970ರ ದಶಕದಲ್ಲಿ ದನ ಸಾಕುವ ಶ್ರೀಮಂತರು ಆ ಕಾಡನ್ನು ಕೊಂಡು ಕಡಿಯತೊಡಗಿದರು. ಚಿಕೊ ಕೆಲಸಗಾರರ ಸಂಘ ಕಟ್ಟಿದರು. ಹೆಂಗಸರು, ಮಕ್ಕಳು ಎಲ್ಲರೂ ಸೇರಿ ಗರಗಸಗಳ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದರು. 1980ರಲ್ಲಿ ಜೊತೆಗಾರ ವಿಲ್ಸನ್ ಪಿನೈರೊ ಅವರ ಕೊಲೆಯಾದರೂ ಚಿಕೊ ಹಿಂದೆ ಸರಿಯಲಿಲ್ಲ. ಕಾಡು ಸರ್ಕಾರದ್ದಾಗಿರಲಿ, ರಬ್ಬರ್ ಮತ್ತು ಕಾಯಿ ಸಂಗ್ರಹಿಸುವ ಹಕ್ಕು ಅಲ್ಲಿ ಬದುಕುವವರಿಗೆ ಇರಲಿ ಎಂಬುದು ಅವರ ಬೇಡಿಕೆ. ಮರ ಕಡಿದರೆ ಆದಾಯ ಒಂದೇ ಸಲ, ಮರ ನಿಂತರೆ ಪ್ರತಿ ವರ್ಷ. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಈ ಲೆಕ್ಕ ತಕ್ಷಣ ಅರ್ಥವಾಯಿತು. 1987ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಗ್ಲೋಬಲ್ 500 ಪ್ರಶಸ್ತಿ ಬಂತು.

ಕೊಲೆ ಬೆದರಿಕೆಗಳೂ ಬಂದವು. 1988ರ ಡಿಸೆಂಬರ್ 22ರ ಸಂಜೆ ಸ್ನಾನಕ್ಕೆಂದು ಹಿಂಬಾಗಿಲು ತೆರೆದಾಗ ಅವರನ್ನು ಗುಂಡಿಟ್ಟು ಕೊಂದರು. ಕಾವಲಿನ ಪೊಲೀಸರು ಆಗ ಮನೆಯೊಳಗೇ ಇದ್ದರು. ಚಿಕೊಗೆ ಕೇವಲ 44 ವರ್ಷ. ಜಮೀನುದಾರ ದಾರ್ಲಿ ಆಲ್ವಿಸ್ ಮತ್ತು ಅವನ ಮಗ ದಾರ್ಸಿಗೆ 1990ರಲ್ಲಿ ತಲಾ 19 ವರ್ಷ ಜೈಲು ಶಿಕ್ಷೆಯಾಯಿತು. ಅದೇ ವರ್ಷ ಸರ್ಕಾರ 9 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡನ್ನು ಚಿಕೊ ಹೆಸರಿನಲ್ಲಿ ಮೀಸಲಿಟ್ಟಿತು. ಅವರು ಕೇಳಿದ್ದು ಸಿಕ್ಕಿತು, ನೋಡಲು ಅವರಿರಲಿಲ್ಲ.

ಈ ಕಥೆಯನ್ನು ದಾದಿಮಾಗೆ ಉರ್ದುವಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮಗೂ ಅಂಕಿ ಕಲಿಸು ಎಂದರು. ನಾನು ಅಕೌಂಟೆನ್ಸಿ ಓದುವುದು ನೌಕರಿಗಾಗಿ ಎಂದಷ್ಟೇ ತಿಳಿದಿದ್ದೆ. ಈಗ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಸ್ಲೇಟು ಹಿಡಿದು ಕೂರುತ್ತೇವೆ.